ವ್ಯಾಯಾಮದ ನಂತರ ಪ್ರೋಟೀನ್ ಪುಡಿಗೆ ಪರ್ಯಾಯ ಆಹಾರಗಳು

ವ್ಯಾಯಾಮದ ನಂತರ ಪ್ರೋಟೀನ್ ಪುಡಿಗೆ ಪರ್ಯಾಯ ಆಹಾರಗಳು ಎಂದರೆ ವ್ಯಾಯಾಮದ ಬಳಿಕ ಸ್ನಾಯುಗಳ ದುರಸ್ತಿಗೂ ಬೆಳವಣಿಗೆಗೂ ಬೇಕಾಗುವ ಪ್ರೋಟೀನನ್ನು (ಸಸಾರಜನಕ) ಒದಗಿಸುವ ದಿನಬಳಕೆಯ ತಿನಿಸುಗಳು ಮತ್ತು ಪಾನೀಯಗಳು. ಹಾಲು, ಮೊಸರು, ಪನೀರ್, ಮೊಟ್ಟೆ, ಮೀನು, ಕೋಳಿಮಾಂಸ, ಬೇಳೆಕಾಳುಗಳು, ಹುರಿಗಡಲೆ, ಶೇಂಗಾ ಮತ್ತು ಸೋಯಾ ಇವುಗಳಲ್ಲಿ ಮುಖ್ಯವಾದವು. ಪ್ರೋಟೀನ್ ಪುಡಿಯೂ ಹಾಲು, ಸೋಯಾ, ಬಟಾಣಿ ಮುಂತಾದ ಆಹಾರಗಳಿಂದಲೇ ಬೇರ್ಪಡಿಸಿ ಒಣಗಿಸಿದ ಪದಾರ್ಥವಾಗಿದೆ. ಅದರಲ್ಲಿರುವ ಅಮೈನೋ ಆಮ್ಲಗಳು ಸಾಮಾನ್ಯ ಆಹಾರದಲ್ಲಿಯೂ ಇವೆ. ಪುಡಿಯ ವಿಶೇಷತೆ ಇರುವುದು ಕಡಿಮೆ ಗಾತ್ರದಲ್ಲಿ ಹೆಚ್ಚು ಪ್ರೋಟೀನ್ ಸಿಗುವುದರಲ್ಲಿ ಮತ್ತು ಬಳಕೆಯ ಅನುಕೂಲದಲ್ಲಿ. ಆಹಾರದಿಂದ ಅದೇ ಪ್ರಮಾಣವನ್ನು ಪಡೆಯಬೇಕಾದರೆ ಯಾವುದನ್ನು ಎಷ್ಟು ತಿನ್ನಬೇಕು ಎಂಬ ಲೆಕ್ಕ ತಿಳಿದಿರಬೇಕಾಗುತ್ತದೆ.

ಹಿನ್ನೆಲೆ

ಪ್ರೋಟೀನ್ ಎಂಬ ಪದವು 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಅವರ ಬರಹದ ಮೂಲಕ ಬಳಕೆಗೆ ಬಂದಿತು. ಈ ಹೆಸರನ್ನು ಸೂಚಿಸಿದವರು ಸ್ವೀಡನ್ನಿನ ಬರ್ಜೀಲಿಯಸ್. ಸ್ನಾಯುಗಳು ಕೆಲಸ ಮಾಡುವಾಗ ಪ್ರೋಟೀನೇ ಇಂಧನವಾಗಿ ಉರಿಯುತ್ತದೆ ಎಂದು ಜರ್ಮನಿಯ ಲೀಬಿಗ್ ನಂಬಿದ್ದರು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೆನಸ್ ಎಂಬ ಇಬ್ಬರು ವಿಜ್ಞಾನಿಗಳು ಪ್ರೋಟೀನ್ ಇಲ್ಲದ ಪಿಷ್ಟದ ತಿನಿಸನ್ನು ಮಾತ್ರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು ಏರಿ, ತಮ್ಮ ಮೂತ್ರದಲ್ಲಿ ಹೊರಬಿದ್ದ ಸಾರಜನಕವನ್ನು ಅಳೆದರು. ದೇಹದಲ್ಲಿ ಬಳಕೆಯಾದ ಪ್ರೋಟೀನಿನಿಂದ ಅಷ್ಟು ಎತ್ತರ ಏರುವಷ್ಟು ಶಕ್ತಿ ಬರಲು ಸಾಧ್ಯವಿಲ್ಲ ಎಂದು ಇದರಿಂದ ಸ್ಪಷ್ಟವಾಯಿತು. ಕೆಲಸಕ್ಕೆ ಇಂಧನವಾಗುವುದು ಮುಖ್ಯವಾಗಿ ಶರ್ಕರಪಿಷ್ಟ ಮತ್ತು ಕೊಬ್ಬು, ಸ್ನಾಯುವಿನ ಕಟ್ಟಡಕ್ಕೆ ಬೇಕಾಗುವುದು ಪ್ರೋಟೀನ್ ಎಂಬ ತಿಳಿವಳಿಕೆ ಮುಂದೆ ಬೆಳೆಯಿತು.

ಅಂಗಸಾಧಕರಿಗೆಂದೇ ತಯಾರಿಸಿದ ಪ್ರೋಟೀನ್ ಪುಡಿಗಳು 1950ರ ದಶಕದಲ್ಲಿ ಅಮೆರಿಕದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದವು. ಆರಂಭದ ಪುಡಿಗಳಲ್ಲಿ ಸೋಯಾ ಹಿಟ್ಟು, ಹಾಲಿನ ಪುಡಿ ಮತ್ತು ಮೊಟ್ಟೆಯ ಪುಡಿಗಳಿದ್ದವು. ಇಂದು ಹೆಚ್ಚು ಬಳಕೆಯಲ್ಲಿರುವ ಪುಡಿಯನ್ನು ಹಾಲೊಡಕಿನಿಂದ, ಎಂದರೆ ಚೀಸ್ ತಯಾರಿಸುವಾಗ ಉಳಿಯುವ ತಿಳಿ ದ್ರವದಿಂದ, ತಯಾರಿಸಲಾಗುತ್ತದೆ. ಬಹುಕಾಲ ಈ ದ್ರವವನ್ನು ಹಂದಿಗಳಿಗೆ ಉಣಿಸಲಾಗುತ್ತಿತ್ತು ಅಥವಾ ಹೊರಗೆ ಚೆಲ್ಲಲಾಗುತ್ತಿತ್ತು. 1970ರ ದಶಕದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಸೋಸುವ ತಂತ್ರಜ್ಞಾನ ಬಳಕೆಗೆ ಬಂದ ಮೇಲೆ ಅದರೊಳಗಿನ ಪ್ರೋಟೀನನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸುವುದು ಸುಲಭವಾಯಿತು.

ಭಾರತದಲ್ಲಿ ಕುಸ್ತಿಪಟುಗಳ ಆಹಾರಕ್ಕೆ ಇದಕ್ಕಿಂತ ಹಳೆಯ ಪರಂಪರೆಯಿದೆ. ಉತ್ತರ ಭಾರತದ ಅಖಾಡಗಳಲ್ಲಿ ಹಾಲು, ತುಪ್ಪ ಮತ್ತು ಬಾದಾಮಿ ಪೈಲ್ವಾನರ ಮುಖ್ಯ ಆಹಾರಗಳಾಗಿವೆ. ಕರ್ನಾಟಕದ ಗರಡಿಮನೆಗಳಲ್ಲಿಯೂ ಹಾಲು ಮತ್ತು ಬಾದಾಮಿಗೆ ಪ್ರಾಶಸ್ತ್ಯವಿದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು (ಸಿಎಫ್‌ಟಿಆರ್‌ಐ) ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಬೆರೆಸಿ, ಜೀವಸತ್ವ ಹಾಗೂ ಸುಣ್ಣಾಂಶವನ್ನು ಸೇರಿಸಿ 'ಬಹೂಪಯೋಗಿ ಆಹಾರ'ವನ್ನು ರೂಪಿಸಿತ್ತು. ಅದರ ಉದ್ದೇಶ ಅಪೌಷ್ಟಿಕತೆಯ ನಿವಾರಣೆಯಾಗಿತ್ತು. ಅಗ್ಗದ ಸ್ಥಳೀಯ ಕಾಳುಗಳಿಂದಲೇ ಪ್ರೋಟೀನ್ ಸಮೃದ್ಧ ಆಹಾರವನ್ನು ತಯಾರಿಸಬಹುದು ಎಂಬುದಕ್ಕೆ ಅದು ಒಂದು ಉದಾಹರಣೆ.

ವ್ಯಾಯಾಮದ ನಂತರ ದೇಹದಲ್ಲಿ ಆಗುವ ಬದಲಾವಣೆಗಳು

ಸ್ನಾಯುವಿನಲ್ಲಿ ಪ್ರೋಟೀನಿನ ಒಡೆಯುವಿಕೆ ಮತ್ತು ಕಟ್ಟುವಿಕೆ ನಿರಂತರವಾಗಿ ನಡೆಯುತ್ತಿರುತ್ತವೆ. ಭಾರ ಎತ್ತುವುದು, ದಂಡ, ಬಸ್ಕಿ ಮುಂತಾದ ವ್ಯಾಯಾಮಗಳ ನಂತರ ಈ ಎರಡೂ ಕ್ರಿಯೆಗಳು ಚುರುಕಾಗುತ್ತವೆ. ಆಗ ಆಹಾರದ ಮೂಲಕ ಸಾಕಷ್ಟು ಅಮೈನೋ ಆಮ್ಲಗಳು ದೊರೆತರೆ ಕಟ್ಟುವಿಕೆ ಒಡೆಯುವಿಕೆಯನ್ನು ಮೀರುತ್ತದೆ. ವಾರ, ತಿಂಗಳುಗಳ ಕಾಲ ಹೀಗೆ ಮುಂದುವರಿದಾಗ ಸ್ನಾಯು ಬೆಳೆಯುತ್ತದೆ. ಈ ಕ್ರಿಯೆಗೆ ಚಾಲನೆ ನೀಡುವುದರಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಪಾತ್ರ ಹೆಚ್ಚಿನದು.

ಓಟ, ಸೈಕಲ್ ಸವಾರಿ, ಕಬಡ್ಡಿ, ಫುಟ್‌ಬಾಲ್ ಮುಂತಾದವುಗಳಲ್ಲಿ ಸ್ನಾಯುವಿನೊಳಗೆ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಶರ್ಕರಪಿಷ್ಟ ಖರ್ಚಾಗುತ್ತದೆ. ಬೆವರಿನ ಮೂಲಕ ನೀರು ಮತ್ತು ಲವಣಗಳು, ವಿಶೇಷವಾಗಿ ಸೋಡಿಯಂ, ಹೊರಹೋಗುತ್ತವೆ. ಆದ್ದರಿಂದ ವ್ಯಾಯಾಮದ ನಂತರದ ಆಹಾರವು ಪ್ರೋಟೀನ್, ಶರ್ಕರಪಿಷ್ಟ, ನೀರು ಮತ್ತು ಉಪ್ಪು ಈ ನಾಲ್ಕನ್ನೂ ತುಂಬಿಕೊಡಬೇಕಾಗುತ್ತದೆ. ನೀರಿನಲ್ಲಿ ಕಲಸಿದ ಹಾಲೊಡಕಿನ ಪುಡಿಯಿಂದ ಪ್ರೋಟೀನ್ ಹಾಗೂ ನೀರು ಸಿಗುತ್ತವೆ. ಶರ್ಕರಪಿಷ್ಟ ಮತ್ತು ಉಪ್ಪಿನ ಪ್ರಮಾಣ ಸಾಮಾನ್ಯವಾಗಿ ಅಲ್ಪ. ಊಟದಲ್ಲಿ ಈ ನಾಲ್ಕೂ ಒಟ್ಟಿಗೆ ಇರುತ್ತವೆ.

ಬೇಕಾಗುವ ಪ್ರಮಾಣ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು (ಎನ್‌ಐಎನ್) 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಇದು ಸುಮಾರು 50 ಗ್ರಾಂ. ಕ್ರಮಬದ್ಧವಾಗಿ ಕಠಿಣ ಅಭ್ಯಾಸ ಮಾಡುವವರಿಗೆ ಹೆಚ್ಚು ಬೇಕಾಗುತ್ತದೆ. ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸಂಘವು 2017ರಲ್ಲಿ ಪ್ರಕಟಿಸಿದ ನಿಲುವಿನ ಪ್ರಕಾರ ಅಂಥವರಲ್ಲಿ ಬಹುತೇಕರಿಗೆ ದಿನಕ್ಕೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 1.4ರಿಂದ 2.0 ಗ್ರಾಂ ಸಾಕಾಗುತ್ತದೆ. 60 ಕಿಲೋಗ್ರಾಂ ತೂಕದವರಿಗೆ ಇದರ ಕೆಳಮಿತಿ 84 ಗ್ರಾಂ.

2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು 49 ಅಧ್ಯಯನಗಳ 1,863 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಭಾರ ಎತ್ತುವ ಅಭ್ಯಾಸದ ಜೊತೆಗೆ ಹೆಚ್ಚುವರಿ ಪ್ರೋಟೀನ್ ಸೇವಿಸಿದವರಲ್ಲಿ ಕೊಬ್ಬುರಹಿತ ದೇಹತೂಕದ ಹೆಚ್ಚಳವು, ಸೇವಿಸದವರಿಗಿಂತ ಸರಾಸರಿ 0.3 ಕಿಲೋಗ್ರಾಂನಷ್ಟು ಅಧಿಕವಾಗಿತ್ತು. ದಿನದ ಒಟ್ಟು ಪ್ರೋಟೀನ್ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ಸುಮಾರು 1.6 ಗ್ರಾಂ ಮುಟ್ಟಿದ ಮೇಲೆ ಇನ್ನಷ್ಟು ಸೇರಿಸಿದ್ದರಿಂದ ಸ್ನಾಯುವಿನ ಬೆಳವಣಿಗೆಗೆ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಸ್ನಾಯು ಬೆಳೆಯಲು ಮೂಲ ಕಾರಣ ಅಭ್ಯಾಸವೇ ಹೊರತು ಪೂರಕ ಆಹಾರವಲ್ಲ ಎಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಒಂದು ಬಾರಿಯ ಸೇವನೆಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 0.25 ಗ್ರಾಂ, ಅಥವಾ ಒಟ್ಟು 20ರಿಂದ 40 ಗ್ರಾಂ ಪ್ರೋಟೀನನ್ನು ಶಿಫಾರಸು ಮಾಡಲಾಗುತ್ತದೆ. 20 ಗ್ರಾಂ ಎಂಬ ಅಂಕಿಗೆ ಆಧಾರವಾದ ಅಧ್ಯಯನಗಳಲ್ಲಿ 2009ರಲ್ಲಿ ಆರು ಮಂದಿ ಯುವಕರ ಮೇಲೆ ಮೊಟ್ಟೆಯ ಪ್ರೋಟೀನ್ ಬಳಸಿ ನಡೆಸಿದ ಅಧ್ಯಯನವೂ ಒಂದು. ವಯಸ್ಸಾದವರಿಗೆ ಒಂದು ಬಾರಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಸೇವನೆಯ ಸಮಯ

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಸೇವಿಸದಿದ್ದರೆ ಶ್ರಮ ವ್ಯರ್ಥವಾಗುತ್ತದೆ ಎಂಬ ನಂಬಿಕೆ ವ್ಯಾಯಾಮಶಾಲೆಗಳಲ್ಲಿ ವ್ಯಾಪಕವಾಗಿದೆ. ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬಹುದಾದ ಪುಡಿಗೆ ಬೇಡಿಕೆ ಹೆಚ್ಚಲು ಇದೂ ಒಂದು ಕಾರಣ. ಆದರೆ ಭಾರ ಎತ್ತುವ ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವಿಕೆಯ ವೇಗ ಕನಿಷ್ಠ 24 ಗಂಟೆಗಳ ಕಾಲ ಹೆಚ್ಚಾಗಿಯೇ ಇರುತ್ತದೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ದಿನದ ಒಟ್ಟು ಪ್ರಮಾಣವನ್ನು ಗಣನೆಗೆ ತೆಗೆದುಕೊಂಡಾಗ ಸೇವನೆಯ ಸಮಯಕ್ಕೆ ಪ್ರತ್ಯೇಕ ಮಹತ್ವ ಕಾಣಲಿಲ್ಲ. ಆದ್ದರಿಂದ ಮನೆಗೆ ಬಂದು ಒಂದೆರಡು ಗಂಟೆಯೊಳಗೆ ತಿಂಡಿ ಅಥವಾ ಊಟ ಮಾಡುವವರಿಗೆ ಯಾವ ನಷ್ಟವೂ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದವರು ಹೆಚ್ಚು ತಡಮಾಡದೆ ತಿನ್ನುವುದು ಒಳ್ಳೆಯದು. ಒಂದೇ ದಿನ ಎರಡು ಬಾರಿ ಅಭ್ಯಾಸ ಮಾಡುವ ಕ್ರೀಡಾಪಟುಗಳು ಗ್ಲೈಕೋಜನ್ ಬೇಗ ತುಂಬಿಕೊಳ್ಳಲು ಮೊದಲ ಕೆಲವು ಗಂಟೆಗಳಲ್ಲಿ ಅನ್ನ, ಬಾಳೆಹಣ್ಣು, ಗೆಣಸು ಮುಂತಾದವುಗಳನ್ನು ತಿನ್ನಬೇಕಾಗುತ್ತದೆ.

ಪ್ರೋಟೀನಿನ ಗುಣಮಟ್ಟ

ದೇಹವು ತಾನಾಗಿ ತಯಾರಿಸಲಾರದ ಒಂಬತ್ತು ಅಮೈನೋ ಆಮ್ಲಗಳನ್ನು ಅತ್ಯಗತ್ಯ ಅಮೈನೋ ಆಮ್ಲಗಳು ಎನ್ನುತ್ತಾರೆ. ಹಾಲು, ಮೊಟ್ಟೆ, ಮೀನು, ಮಾಂಸ ಮತ್ತು ಸೋಯಾದಲ್ಲಿ ಇವು ಉತ್ತಮ ಅನುಪಾತದಲ್ಲಿವೆ. ಅಕ್ಕಿ, ಗೋಧಿ, ಜೋಳ ಮುಂತಾದ ಧಾನ್ಯಗಳಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಹೆಚ್ಚಿದ್ದು ಮೆಥಿಯೋನಿನ್ ಕಡಿಮೆ. ಎರಡನ್ನೂ ಸೇರಿಸಿ ತಿಂದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ ಮತ್ತು ಹುರುಳಿಕಾಳಿನ ಸಾರು, ರೊಟ್ಟಿ ಮತ್ತು ಮಡಕಿಕಾಳಿನ ಪಲ್ಯ, ಅನ್ನ ಮತ್ತು ತೊವ್ವೆ, ಇಡ್ಲಿ ಹಿಟ್ಟಿನಲ್ಲಿನ ಅಕ್ಕಿ ಮತ್ತು ಉದ್ದು ಇಂತಹ ಜೋಡಿಗಳಾಗಿವೆ. ಎರಡನ್ನೂ ಒಂದೇ ಹೊತ್ತಿನಲ್ಲಿ ತಿನ್ನಬೇಕೆಂಬ ನಿಯಮವಿಲ್ಲ. ದಿನದ ಆಹಾರದಲ್ಲಿ ಎರಡೂ ಇದ್ದರೆ ಸಾಕು.

ಹಾಲೊಡಕಿನ ಪ್ರೋಟೀನಿನಲ್ಲಿ ಲ್ಯೂಸಿನ್ ಪ್ರಮಾಣ ಹೆಚ್ಚಾಗಿದ್ದು, ಅದು ಬೇಗ ಜೀರ್ಣವಾಗುತ್ತದೆ. ಕಾಳುಗಳಲ್ಲಿ ಲ್ಯೂಸಿನ್ ಸ್ವಲ್ಪ ಕಡಿಮೆ. ಜೀರ್ಣವಾಗುವ ಪಾಲೂ ಕಡಿಮೆ. ಹೀಗಾಗಿ ಕಾಳುಗಳನ್ನೇ ಅವಲಂಬಿಸುವವರು ಸ್ವಲ್ಪ ಹೆಚ್ಚಿನ ಪ್ರಮಾಣದಲ್ಲಿ ತಿನ್ನಬೇಕು, ಅಥವಾ ಜೊತೆಗೆ ಹಾಲು, ಮೊಸರು, ಸೋಯಾಗಳಲ್ಲಿ ಒಂದನ್ನು ಸೇರಿಸಿಕೊಳ್ಳಬೇಕು.

ಮುಖ್ಯ ಆಹಾರಗಳು

ಹಾಲು ಮತ್ತು ಹಾಲಿನ ಉತ್ಪನ್ನಗಳು

100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 3.3 ಗ್ರಾಂ ಪ್ರೋಟೀನ್ ಇರುತ್ತದೆ. ಎಮ್ಮೆಯ ಹಾಲಿನಲ್ಲಿ ಇದು ತುಸು ಹೆಚ್ಚು. ಹಾಲಿನ ಪ್ರೋಟೀನಿನಲ್ಲಿ ಶೇಕಡ 80ರಷ್ಟು ಕೇಸಿನ್, ಶೇಕಡ 20ರಷ್ಟು ಹಾಲೊಡಕಿನ ಪ್ರೋಟೀನ್. ಅಂದರೆ ಡಬ್ಬಿಯಲ್ಲಿ ಮಾರಾಟವಾಗುವ ಪ್ರೋಟೀನ್ ಹಾಲಿನೊಳಗೆ ಮೊದಲೇ ಇದೆ. ಅದರ ಜೊತೆಗೆ ನಿಧಾನವಾಗಿ ಜೀರ್ಣವಾಗುವ ಕೇಸಿನ್, ಲ್ಯಾಕ್ಟೋಸ್ ಸಕ್ಕರೆ, ಸುಣ್ಣಾಂಶ, ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡ ಸಿಗುತ್ತವೆ.

ಮೊಸರಿನಲ್ಲಿ ಪ್ರೋಟೀನ್ ಹಾಲಿನಷ್ಟೇ ಇರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ ಪ್ರೋಟೀನಿನ ಸಾಂದ್ರತೆ ಹೆಚ್ಚುತ್ತದೆ. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇದ್ದು, ಕೊಬ್ಬೂ ಹೆಚ್ಚಾಗಿರುತ್ತದೆ. ಮನೆಯಲ್ಲಿ ಪನೀರ್ ಮಾಡಿದಾಗ ಉಳಿಯುವ ನೀರು ಪ್ರೋಟೀನ್ ಪುಡಿಗೆ ಸಮ ಎಂಬ ಗ್ರಹಿಕೆ ಸರಿಯಲ್ಲ. ಹಾಲನ್ನು ಕುದಿಸಿ ಹುಳಿ ಹಿಂಡಿದಾಗ ಹಾಲೊಡಕಿನ ಪ್ರೋಟೀನಿನ ಹೆಚ್ಚಿನ ಪಾಲು ಪನೀರಿನಲ್ಲಿಯೇ ಸೇರಿಕೊಳ್ಳುತ್ತದೆ. ನೀರಿನಲ್ಲಿ ಉಳಿಯುವುದು ಅತ್ಯಲ್ಪ.

ಮೊಟ್ಟೆ

50 ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಇದರಲ್ಲಿ ಐದನೇ ಎರಡರಷ್ಟು ಹಳದಿ ಭಾಗದಲ್ಲಿದೆ. 2017ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ಮಂದಿ ಯುವಕರಿಗೆ ವ್ಯಾಯಾಮದ ನಂತರ ಒಂದು ಬಾರಿ ಇಡೀ ಮೊಟ್ಟೆಯನ್ನೂ ಇನ್ನೊಂದು ಬಾರಿ ಬಿಳಿ ಭಾಗವನ್ನಷ್ಟೇ ನೀಡಿದರು. ಎರಡರಲ್ಲೂ ಪ್ರೋಟೀನ್ 18 ಗ್ರಾಂ ಇದ್ದರೂ ಇಡೀ ಮೊಟ್ಟೆ ತಿಂದಾಗ ಸ್ನಾಯುವಿನ ಪ್ರೋಟೀನ್ ಕಟ್ಟುವಿಕೆ ಹೆಚ್ಚಾಗಿತ್ತು.

ಹಸಿ ಮೊಟ್ಟೆಯನ್ನು ಒಡೆದು ಕುಡಿಯುವ ರೂಢಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. 1998ರ ಒಂದು ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇಕಡ 91ರಷ್ಟು ಜೀರ್ಣವಾದರೆ ಹಸಿ ಮೊಟ್ಟೆಯದು ಶೇಕಡ 51ರಷ್ಟು ಮಾತ್ರ ಜೀರ್ಣವಾಗಿತ್ತು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಅಪಾಯವೂ ಇದೆ.

ಬೇಳೆಕಾಳುಗಳು

ಹೆಸರುಬೇಳೆ, ತೊಗರಿಬೇಳೆ, ಕಡಲೆಬೇಳೆ, ಹುರುಳಿ, ಅಲಸಂದೆ, ಮಡಕಿ ಮುಂತಾದ ಒಣ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 20ರಿಂದ 24 ಗ್ರಾಂ ಪ್ರೋಟೀನ್ ಇರುತ್ತದೆ. ಈ ಅಂಕಿ ಒಣ ಕಾಳಿಗೆ ಸಂಬಂಧಿಸಿದ್ದು. ಬೇಯಿಸಿದಾಗ ಅಥವಾ ನೆನೆಸಿ ಮೊಳಕೆ ಬರಿಸಿದಾಗ ಕಾಳು ನೀರು ಹೀರಿಕೊಂಡು ತೂಕ ಹೆಚ್ಚಿಸಿಕೊಳ್ಳುತ್ತದೆ. ಒಟ್ಟು ಪ್ರೋಟೀನ್ ಹೆಚ್ಚುವುದಿಲ್ಲ. ತಿಳಿಸಾರು ಮತ್ತು ಹುರುಳಿಕಟ್ಟಿನಲ್ಲಿ ರುಚಿಯಿದ್ದರೂ ಪ್ರೋಟೀನ್ ಅಲ್ಪವಾಗಿರುತ್ತದೆ, ಏಕೆಂದರೆ ಅದರ ಹೆಚ್ಚಿನ ಪಾಲು ಬೆಂದ ಕಾಳಿನಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ಬಸ್ಸಾರು ಮಾಡುವಾಗ ಬಸಿದು ತೆಗೆದ ಕಾಳನ್ನು ಪಲ್ಯ ಮಾಡಿ ತಿನ್ನುವ ಪದ್ಧತಿ ಉಪಯುಕ್ತವಾಗಿದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಹಾಗೂ ಬೇಯಿಸುವುದರಿಂದ ಜೀರ್ಣಕ್ಕೆ ಅಡ್ಡಿಪಡಿಸುವ ಅಂಶಗಳು ಕಡಿಮೆಯಾಗುತ್ತವೆ.

ಹುರಿಗಡಲೆಯನ್ನು ಬೇಯಿಸದೆ ತಿನ್ನಬಹುದಾದ್ದರಿಂದ ಕಾಳುಗಳಲ್ಲಿ ಅದು ಪುಡಿಯಷ್ಟೇ ಅನುಕೂಲಕರ. ಬಿಹಾರ ಹಾಗೂ ಉತ್ತರ ಪ್ರದೇಶಗಳಲ್ಲಿ ಹುರಿದ ಕಡಲೆಯ ಹಿಟ್ಟನ್ನು 'ಸತ್ತು' ಎಂದು ಕರೆದು, ನೀರಿನಲ್ಲಿ ಕಲಸಿ ಉಪ್ಪು, ನಿಂಬೆಹುಳಿ ಸೇರಿಸಿ ಕುಡಿಯುತ್ತಾರೆ.

ಸೋಯಾ

ಸೋಯಾ ಅವರೆಯಲ್ಲಿ 100 ಗ್ರಾಂಗೆ ಸುಮಾರು 36 ಗ್ರಾಂ ಪ್ರೋಟೀನ್ ಇರುತ್ತದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಒಣ ಸೋಯಾ ತುಣುಕುಗಳಲ್ಲಿ ಇದು 50 ಗ್ರಾಂನಷ್ಟಿದ್ದು, ಕೊಬ್ಬು ಬಹಳ ಕಡಿಮೆ. ಸಸ್ಯಾಹಾರದಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಪ್ರೋಟೀನ್ ನೀಡುವ ಪದಾರ್ಥಗಳಲ್ಲಿ ಇದೂ ಒಂದು.

ಶೇಂಗಾ, ಬಾದಾಮಿ ಮತ್ತು ಎಳ್ಳು

ಶೇಂಗಾದಲ್ಲಿ (ಕಡಲೆಕಾಯಿ ಬೀಜ) 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಆದರೆ ತೂಕದ ಅರ್ಧದಷ್ಟು ಕೊಬ್ಬು ಇರುವುದರಿಂದ ಶಕ್ತಿಯ ಪ್ರಮಾಣ 500 ಕಿಲೋಕ್ಯಾಲೊರಿಯನ್ನು ಮೀರುತ್ತದೆ. ತೂಕ ಹೆಚ್ಚಿಸಿಕೊಳ್ಳಬೇಕಾದವರಿಗೆ ಇದು ಅನುಕೂಲ, ಇಳಿಸಬೇಕಾದವರಿಗೆ ಮಿತಿ ಅಗತ್ಯ. ಹತ್ತು ಬಾದಾಮಿಗಳಿಂದ ಸಿಗುವುದು 2ರಿಂದ 3 ಗ್ರಾಂ ಪ್ರೋಟೀನ್ ಮಾತ್ರ. ಶೇಂಗಾ ಉಂಡೆ, ಎಳ್ಳುಂಡೆಗಳು ಬೆಲ್ಲದ ಶರ್ಕರಪಿಷ್ಟವನ್ನೂ ಒದಗಿಸುತ್ತವೆ.

ರಾಗಿ ಮತ್ತು ಇತರ ಧಾನ್ಯಗಳು

ರಾಗಿಯಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಪ್ರೋಟೀನ್ ಇದ್ದು, ಸುಣ್ಣಾಂಶ 350 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಜೋಳ ಮತ್ತು ಗೋಧಿಯಲ್ಲಿ ಪ್ರೋಟೀನ್ ಸುಮಾರು 10 ಗ್ರಾಂ. ಪ್ರೋಟೀನಿಗೆ ಧಾನ್ಯವೊಂದನ್ನೇ ನೆಚ್ಚಿಕೊಳ್ಳಲಾಗದಿದ್ದರೂ ಗ್ಲೈಕೋಜನ್ ತುಂಬಲು ಅವು ಅವಶ್ಯಕ. ಹಳೆ ಮೈಸೂರು ಭಾಗದಲ್ಲಿ ಅರಳಿಸಿದ ರಾಗಿಯಿಂದ ಮಾಡುವ ಹುರಿಹಿಟ್ಟನ್ನು ಹಾಲು, ಬೆಲ್ಲದೊಂದಿಗೆ ಒಲೆಯ ನೆರವಿಲ್ಲದೆ ಕಲಸಿ ತಿನ್ನಬಹುದು.

ಮೀನು ಮತ್ತು ಮಾಂಸ

ಕರಾವಳಿಯಲ್ಲಿ ಹೇರಳವಾಗಿ ಸಿಗುವ ಬಂಗುಡೆ, ಭೂತಾಯಿ ಮೀನುಗಳಲ್ಲಿ 100 ಗ್ರಾಂಗೆ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಹಾಗೂ ಒಮೆಗಾ-3 ಕೊಬ್ಬಿನಾಮ್ಲಗಳು ಇವೆ. ಕೋಳಿಯ ಎದೆಭಾಗದ ಹಸಿ ಮಾಂಸದಲ್ಲಿ ಸುಮಾರು 22 ಗ್ರಾಂ, ಬೇಯಿಸಿದ ಮೇಲೆ ನೀರು ಕಡಿಮೆಯಾಗಿ ಸುಮಾರು 30 ಗ್ರಾಂ ಪ್ರೋಟೀನ್ ಇರುತ್ತದೆ.

20 ಗ್ರಾಂ ಪ್ರೋಟೀನ್ ದೊರೆಯುವ ಅಂದಾಜು ಪ್ರಮಾಣ

ಹಸುವಿನ ಹಾಲು ಅಥವಾ ಮೊಸರು: 600 ಮಿಲಿಲೀಟರ್
ಮೊಟ್ಟೆ: 3ರಿಂದ 4
ಪನೀರ್: 110 ಗ್ರಾಂ
ಬೇಯಿಸಿದ ಕೋಳಿಯ ಎದೆಮಾಂಸ: 70 ಗ್ರಾಂ
ಹಸಿ ಮೀನು (ಮುಳ್ಳು ಬಿಟ್ಟು): 100ರಿಂದ 110 ಗ್ರಾಂ
ಒಣ ಸೋಯಾ ತುಣುಕು: 40 ಗ್ರಾಂ
ಒಣ ಹೆಸರುಬೇಳೆ: 85 ಗ್ರಾಂ
ಒಣ ಹುರುಳಿಕಾಳು: 90 ಗ್ರಾಂ
ಹುರಿಗಡಲೆ: 90ರಿಂದ 100 ಗ್ರಾಂ
ಶೇಂಗಾ: 85 ಗ್ರಾಂ

ಆಹಾರದ ತಳಿ, ಸಂಸ್ಕರಣೆ ಮತ್ತು ನೀರಿನಂಶಕ್ಕೆ ಅನುಗುಣವಾಗಿ ಈ ಅಂಕಿಗಳಲ್ಲಿ ವ್ಯತ್ಯಾಸವಾಗುತ್ತದೆ. ಒಂದೇ ಪದಾರ್ಥವನ್ನು ಇಷ್ಟು ಪ್ರಮಾಣದಲ್ಲಿ ತಿನ್ನುವುದಕ್ಕಿಂತ ಎರಡು ಮೂರನ್ನು ಸೇರಿಸಿ ತಿನ್ನುವುದು ಸುಲಭ.

ಆಹಾರ ಸಂಯೋಜನೆಗಳು

ಈ ಕೆಳಗಿನ ಒಂದೊಂದು ಸಂಯೋಜನೆಯಿಂದಲೂ 18ರಿಂದ 22 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಕಾಳು ಮತ್ತು ಹಿಟ್ಟಿನ ತೂಕವನ್ನು ಒಣ ಸ್ಥಿತಿಯಲ್ಲಿ ನೀಡಲಾಗಿದೆ.

ಬೇಯಿಸಿದ 2 ಮೊಟ್ಟೆ, 250 ಮಿಲಿಲೀಟರ್ ಹಾಲು ಮತ್ತು ಒಂದು ಬಾಳೆಹಣ್ಣು.
40 ಗ್ರಾಂ ಹುರಿಗಡಲೆ ಮತ್ತು 300 ಮಿಲಿಲೀಟರ್ ಹಾಲು.
50 ಗ್ರಾಂ ರಾಗಿ ಹುರಿಹಿಟ್ಟು, 300 ಮಿಲಿಲೀಟರ್ ಹಾಲು ಮತ್ತು 25 ಗ್ರಾಂ ಹುರಿದ ಶೇಂಗಾ.
50 ಗ್ರಾಂ ಹೆಸರುಬೇಳೆಯ ದೋಸೆ, 20 ಗ್ರಾಂ ಶೇಂಗಾ ಹಾಕಿದ ಚಟ್ನಿ ಮತ್ತು 150 ಗ್ರಾಂ ಮೊಸರು.
100 ಗ್ರಾಂ ರಾಗಿಹಿಟ್ಟಿನ ಮುದ್ದೆ, 50 ಗ್ರಾಂ ಹುರುಳಿಕಾಳಿನ ಸಾರು ಕಾಳಿನ ಸಮೇತ ಮತ್ತು 100 ಗ್ರಾಂ ಮೊಸರಿನಿಂದ ಮಾಡಿದ ಮಜ್ಜಿಗೆ.
100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 40 ಗ್ರಾಂ ಮಡಕಿಕಾಳಿನ ಪಲ್ಯ ಮತ್ತು 100 ಗ್ರಾಂ ಮೊಸರು.
60 ಗ್ರಾಂ ಗೋಧಿಹಿಟ್ಟಿನ ಚಪಾತಿ ಮತ್ತು 25 ಗ್ರಾಂ ಸೋಯಾ ತುಣುಕಿನ ಪಲ್ಯ.

60 ಕಿಲೋಗ್ರಾಂ ತೂಕದ ಸಸ್ಯಾಹಾರಿಯೊಬ್ಬರು ಪುಡಿಯಿಲ್ಲದೆ ದಿನದ 84 ಗ್ರಾಂ ತಲುಪುವ ಬಗೆಯನ್ನು ಹೀಗೆ ಲೆಕ್ಕ ಹಾಕಬಹುದು: ವ್ಯಾಯಾಮದ ನಂತರ ಹಾಲು, ಹುರಿಗಡಲೆಯಿಂದ 18 ಗ್ರಾಂ, 60 ಗ್ರಾಂ ಹೆಸರುಬೇಳೆಯ ದೋಸೆ, ಶೇಂಗಾ ಚಟ್ನಿಯಿಂದ 19 ಗ್ರಾಂ, ಮಧ್ಯಾಹ್ನ ಮುದ್ದೆ, ಕಾಳುಸಾರು, ಮೊಸರಿನಿಂದ 21 ಗ್ರಾಂ, ಸಂಜೆ 30 ಗ್ರಾಂ ಶೇಂಗಾದಿಂದ 7 ಗ್ರಾಂ, ರಾತ್ರಿ ಚಪಾತಿ ಮತ್ತು 50 ಗ್ರಾಂ ಪನೀರಿನಿಂದ 19 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಎಂಬ ಕ್ರಮದಲ್ಲಿ ಈ ಮೊತ್ತವನ್ನು ಮುಟ್ಟುವುದು ಕಷ್ಟ. ಹೀಗೆ ಧಾನ್ಯವೇ ಹೆಚ್ಚಾಗಿ ಕಾಳು, ಹಾಲು ಕಡಿಮೆಯಾದಾಗ ಉಂಟಾಗುವ ಕೊರತೆಯನ್ನೇ ಹಲವರು ಪುಡಿಯಿಂದ ತುಂಬಲು ಯತ್ನಿಸುತ್ತಾರೆ.

ಪಾನೀಯಗಳು

ಬೆವರಿನಿಂದ ಎಷ್ಟು ನೀರು ಹೋಗಿದೆ ಎಂಬುದನ್ನು ವ್ಯಾಯಾಮಕ್ಕೆ ಮೊದಲು ಮತ್ತು ನಂತರ ತೂಕ ನೋಡಿ ತಿಳಿಯಬಹುದು. ಕಡಿಮೆಯಾದ ಪ್ರತಿ ಕಿಲೋಗ್ರಾಂ ತೂಕಕ್ಕೆ 1.25ರಿಂದ 1.5 ಲೀಟರ್ ದ್ರವವನ್ನು ಕೆಲವು ಗಂಟೆಗಳ ಅವಧಿಯಲ್ಲಿ ಸೇವಿಸಬೇಕೆಂದು ಕ್ರೀಡಾ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಹಾಲು ಉತ್ತಮ ಪುನರ್ಜಲೀಕರಣ ಪಾನೀಯವೂ ಹೌದು. 2007ರಲ್ಲಿ ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಲ್ಲಿ, ವ್ಯಾಯಾಮದ ನಂತರ ಕಡಿಮೆ ಕೊಬ್ಬಿನ ಹಾಲು ಕುಡಿದವರ ದೇಹದಲ್ಲಿ ನೀರು ಅಥವಾ ಕ್ರೀಡಾಪಾನೀಯ ಕುಡಿದವರಿಗಿಂತ ಹೆಚ್ಚು ನೀರು ಉಳಿದಿತ್ತು. ಉಪ್ಪು ಹಾಕಿದ ನೀರುಮಜ್ಜಿಗೆಯು ನೀರು ಮತ್ತು ಸೋಡಿಯಂ ಎರಡನ್ನೂ ಒದಗಿಸುತ್ತದೆ. ಆದರೆ ಮೊಸರಿಗೆ ನೀರು ಬೆರೆಸಿದಷ್ಟೂ ಪ್ರೋಟೀನಿನ ಸಾಂದ್ರತೆ ಕಡಿಮೆಯಾಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು ಸೋಡಿಯಂ ಕಡಿಮೆ, ಪ್ರೋಟೀನ್ 100 ಮಿಲಿಲೀಟರಿಗೆ 1 ಗ್ರಾಂಗಿಂತಲೂ ಕಡಿಮೆ. ನಿಂಬೆಹಣ್ಣಿನ ಪಾನಕ, ರಾಗಿ ಅಂಬಲಿ, ಕಬ್ಬಿನ ಹಾಲು ಕೂಡ ಪ್ರೋಟೀನಿನ ಮೂಲಗಳಲ್ಲ. ಇವುಗಳ ಜೊತೆಗೆ ಕಾಳು, ಮೊಟ್ಟೆ ಅಥವಾ ಹಾಲು ಬೇಕಾಗುತ್ತದೆ.

ಪುಡಿಯ ಗುಣಮಟ್ಟ ಮತ್ತು ವೆಚ್ಚ

ಆಹಾರದಲ್ಲಿನ ಪ್ರೋಟೀನನ್ನು ನೇರವಾಗಿ ಅಳೆಯುವ ಬದಲು, ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು ಸಾಮಾನ್ಯ ವಿಧಾನ. 1883ರಲ್ಲಿ ಕೆಲ್ಡಾಲ್ ಅವರು ರೂಪಿಸಿದ ಸಾರಜನಕದ ಪರೀಕ್ಷೆ ಇದಕ್ಕೆ ಆಧಾರ. ಗ್ಲೈಸಿನ್, ಟಾರಿನ್‌ನಂತಹ ಅಗ್ಗದ ಪದಾರ್ಥಗಳನ್ನು ಬೆರೆಸಿದರೂ ಈ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚಾಗಿರುವಂತೆ ಕಾಣುತ್ತದೆ. 2024ರಲ್ಲಿ ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇಕಡ 70ರಷ್ಟು ಪುಡಿಗಳ ಪ್ರೋಟೀನ್ ಪ್ರಮಾಣ ಲೇಬಲ್ಲಿಗೆ ಹೊಂದಿಕೆಯಾಗಲಿಲ್ಲ. ಕೆಲವುಗಳಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ಮತ್ತು ಕೀಟನಾಶಕಗಳ ಅಂಶ ಕಂಡುಬಂದಿತು. 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು, 13 ದೇಶಗಳಲ್ಲಿ ಖರೀದಿಸಿದ 634 ಪೂರಕಗಳಲ್ಲಿ ಶೇಕಡ 14.8ರಷ್ಟರಲ್ಲಿ ಲೇಬಲ್ಲಿನಲ್ಲಿ ನಮೂದಿಸದ ಹಾರ್ಮೋನು ಸಂಬಂಧಿ ಪದಾರ್ಥಗಳನ್ನು ಪತ್ತೆ ಮಾಡಿತ್ತು. ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆ ಇಂತಹ ಬೆರಕೆಯಿಂದ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯವಿದೆ. ತಿಳಿಯದೆ ಸೇವಿಸಿದೆ ಎಂಬ ಕಾರಣದಿಂದ ಮಾತ್ರ ಹೊಣೆ ತಪ್ಪುವುದಿಲ್ಲ.

ಭಾರತದಲ್ಲಿ ಇಂತಹ ಉತ್ಪನ್ನಗಳು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮಗಳಿಗೆ ಒಳಪಡುತ್ತವೆ. ಐಸಿಎಂಆರ್ ಮತ್ತು ಎನ್‌ಐಎನ್ 2024ರಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಯು ಉತ್ತಮ ಗುಣಮಟ್ಟದ ಪ್ರೋಟೀನನ್ನು ಆಹಾರಗಳ ಸಂಯೋಜನೆಯಿಂದ ಪಡೆಯಬೇಕೆಂದೂ, ಸ್ನಾಯು ಬೆಳೆಸಲು ಪ್ರೋಟೀನ್ ಪೂರಕಗಳನ್ನು ಬಳಸಬಾರದೆಂದೂ ಸಲಹೆ ನೀಡಿದೆ.

ವೆಚ್ಚವನ್ನು ಹೋಲಿಸಲು 20 ಗ್ರಾಂ ಪ್ರೋಟೀನಿಗೆ ತಗಲುವ ಬೆಲೆಯನ್ನು ಲೆಕ್ಕ ಹಾಕಬೇಕು. 100 ಗ್ರಾಂ ಪದಾರ್ಥದ ಬೆಲೆಯನ್ನು 20ರಿಂದ ಗುಣಿಸಿ, ಅದೇ 100 ಗ್ರಾಂನಲ್ಲಿರುವ ಪ್ರೋಟೀನಿನ ಪ್ರಮಾಣದಿಂದ ಭಾಗಿಸಿದರೆ ಈ ಬೆಲೆ ದೊರೆಯುತ್ತದೆ. ಹೀಗೆ ಲೆಕ್ಕ ಹಾಕಿದಾಗ ಸೋಯಾ ತುಣುಕು, ಕಾಳುಗಳು ಮತ್ತು ಶೇಂಗಾ ಸಾಮಾನ್ಯವಾಗಿ ಅಗ್ಗವಾಗಿದ್ದು, ಪನೀರ್ ಮತ್ತು ಬಾದಾಮಿ ದುಬಾರಿಯಾಗುತ್ತವೆ.

ಮಿತಿಗಳು ಮತ್ತು ಎಚ್ಚರಿಕೆಗಳು

ಎಲ್ಲ ಸಂದರ್ಭಗಳಲ್ಲಿಯೂ ಆಹಾರ ಪುಡಿಗಿಂತ ಅನುಕೂಲಕರವಲ್ಲ. ಸಾಧಾರಣ ಹಾಲೊಡಕಿನ ಪುಡಿಯಲ್ಲಿ 20 ಗ್ರಾಂ ಪ್ರೋಟೀನಿನೊಂದಿಗೆ ಸುಮಾರು 100 ಕಿಲೋಕ್ಯಾಲೊರಿ ಬಂದರೆ, ಅಷ್ಟೇ ಪ್ರೋಟೀನಿಗೆ ಶೇಂಗಾದಿಂದ 400 ಕಿಲೋಕ್ಯಾಲೊರಿಗಿಂತ ಹೆಚ್ಚು ಬರುತ್ತದೆ. ತೂಕ ಇಳಿಸುವವರು ಕೆನೆರಹಿತ ಹಾಲು, ಸೋಯಾ, ಮೀನು ಮುಂತಾದವುಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ಹಸಿವು ಕಡಿಮೆಯಾದ ವೃದ್ಧರು, ಅಗಿಯಲಾಗದವರು, ಸದಾ ಪ್ರಯಾಣದಲ್ಲಿರುವ ಕ್ರೀಡಾಪಟುಗಳು, ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಲ್ಲಿ ಹೆಚ್ಚಿನ ಪ್ರಮಾಣ ಬೇಕಾದವರು ವೈದ್ಯರ ಅಥವಾ ಆಹಾರ ತಜ್ಞರ ಸಲಹೆಯಂತೆ ಪುಡಿಯನ್ನು ಬಳಸುವುದುಂಟು.

ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಹಾಲಿನಿಂದ ಹೊಟ್ಟೆ ಉಬ್ಬರ, ಭೇದಿ ಉಂಟಾಗಬಹುದು. ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ. ಕಾಳುಗಳ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಿದರೆ ವಾಯು ಉಂಟಾಗುತ್ತದೆ. ಹಂತಹಂತವಾಗಿ ಹೆಚ್ಚಿಸುವುದು ಸೂಕ್ತ. ಮೊಟ್ಟೆ, ಶೇಂಗಾ, ಸೋಯಾ, ಮೀನು ಅಥವಾ ಹಾಲಿನ ಅಲರ್ಜಿ ಇರುವವರು ಅವುಗಳನ್ನು ವರ್ಜಿಸಬೇಕು. ಹಸಿ ಮೊಳಕೆಕಾಳಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಬೆಳೆಯಬಹುದಾದ್ದರಿಂದ ಅದನ್ನು ಬೇಯಿಸಿ ತಿನ್ನುವುದು ಸುರಕ್ಷಿತ. ಬೂಷ್ಟು ಹಿಡಿದ ಶೇಂಗಾದಲ್ಲಿಯೂ ಅಫ್ಲಾಟಾಕ್ಸಿನ್ ಇರುವ ಸಾಧ್ಯತೆಯಿದ್ದು, ಹುರಿದ ಮಾತ್ರಕ್ಕೆ ಅದು ಸಂಪೂರ್ಣವಾಗಿ ನಾಶವಾಗುವುದಿಲ್ಲ.

ಮೂತ್ರಪಿಂಡದ ಕಾಯಿಲೆ ಇರುವವರು ಪ್ರೋಟೀನ್ ಹೆಚ್ಚಿಸಿಕೊಳ್ಳುವ ಮೊದಲು ವೈದ್ಯರನ್ನು ಕಾಣುವುದು ಅವಶ್ಯಕ. ಪ್ರೋಟೀನ್ ಪುಡಿಯಿಂದ ಬಂದರೂ ಆಹಾರದಿಂದ ಬಂದರೂ ಈ ಎಚ್ಚರಿಕೆ ಅನ್ವಯಿಸುತ್ತದೆ.